ಕುತ್ತಿಗೆಯ ಮೇಲಿನ ಸೌತೆಕಾಯಿ

ಕುಮಟಾ
೧೪ ಜುಲೈ ೧೯೫೯

ಅಪ್ಪಾ,

ಮೊದಲ ಸಾಲಿನಲ್ಲೇ ‘ನಾನು ಚೆನ್ನಾಗಿದ್ದೇನೆ’ ಎಂದು ಬರೆದುಬಿಟ್ಟರೆ ನೀನು ಪತ್ರ ಮಡಚಿ ಸೂರಿಗೆ ಸಿಕ್ಕಿಸುತ್ತೀ. ಅದಕ್ಕೇ ಈ ಸಲ ಹಾಗೆ ಬರೆಯುವುದಿಲ್ಲ. ನನಗೆ ಐದು ತಿಂಗಳು ತುಂಬಿತು. ಮದುವೆಯಾಗಿ ಏಳನೇ ವರ್ಷಕ್ಕೆ ನಿಂತ ಬಸಿರು. ಒಳಗಿರುವುದು ಈಗಲೇ ಒದೆಯುತ್ತದೆ. ಮಂಕಿಯ ನಿನ್ನ ತಾಲೀಮಿನ ಮನೆಗೆ ಒಬ್ಬ ಪೈಲ್ವಾನ ಬರುತ್ತಿದ್ದಾನೆ ಎಂದು ನಿನ್ನ ಅಳಿಯ ಲಾರಿಯವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಾರೆ. ನನಗೆ ನಗು ಬರುವುದಿಲ್ಲ.

ಹೋದ ವಾರ ಸಂತೆಗೆಂದು ಬಂದ ತಿಮ್ಮತ್ತೆ ನಮ್ಮಲ್ಲಿ ಉಳಿದಿದ್ದಳು. ನೀನು ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುವಾಗ ಅದು ಬಟ್ಟಲ ಹೊರಗೆ ಬೀಳುತ್ತದಂತೆ. ಮನೆಯಿಂದ ತಾಲೀಮಿಗೆ ಹೋಗುವಾಗ ಬಾಯಲ್ಲೇ ಹೆಜ್ಜೆ ಎಣಿಸುತ್ತೀಯಂತೆ. ಒಂದು ದಿನ ಬಾಗಿಲಲ್ಲಿ ಅವಳೇ ನಿಂತಿದ್ದರೂ ಯಾರದು ಎಂದು ಕೇಳಿದೆಯಂತೆ. ಅಣ್ಣನಿಗೆ ಅರುಳು ಮರುಳು ಎಂದು ನಗುತ್ತಲೇ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು. ನಿನ್ನ ಹೋದ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಸಾಲುಗಳು ಒಂದರ ಮೇಲೊಂದು ಹತ್ತಿವೆ.

ಹೋದ ವಿಜಯದಶಮಿಯ ಮಾತನ್ನು ನಾನು ಇಷ್ಟು ದಿನ ಎತ್ತಿರಲಿಲ್ಲ. ನಿನ್ನ ಅಳಿಯ ಹನ್ನೊಂದನೇ ವರ್ಷ ನಿನ್ನ ಮುಂದೆ ಮಣ್ಣಿನ ಮೇಲೆ ಅಂಗಾತ ಮಲಗಿದ್ದರು. ಕುತ್ತಿಗೆಯ ಮೇಲೆ ಒಂದು ವೀಳ್ಯದೆಲೆ, ಎಲೆಯ ಮೇಲೆ ಸೌತೆಕಾಯಿ. ನೀನು ಯಾವತ್ತಿನಂತೆ ಮೂರು ಸುತ್ತು ಬಂದು ಅಳತೆ ನೋಡಿದೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡೆ, ಪಟ್ಟಾದ ಅಲಗು ಬೀಸಿದೆ. ಕಾಯಿ ಎರಡು ತುಂಡಾಯಿತು. ಆಮೇಲೆ ಎಲೆಯನ್ನು ಎತ್ತಿ, ಗೀರು ಬಿದ್ದಿಲ್ಲ ಎಂದು ಜನರಿಗೆ ತೋರಿಸಬೇಕು. ಅದು ನಿನ್ನ ಗುರುಗಳ ಕಾಲದ ಪದ್ಧತಿ. ಹೋದ ವರ್ಷ ನೀನು ಅದನ್ನು ತೋರಿಸಲಿಲ್ಲ, ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟೆ. ದುರ್ಗಪ್ಪನ ಗಮ್ಮತ್ತು ನೋಡಿ ಎಂದು ಜನ ಕೇಕೆ ಹಾಕಿದರು.

ಮರುದಿನ ಮನೆಗೆ ಬಂದಾಗ ಅವರ ಗಂಟಲ ಮೇಲೆ ಒಂದು ಕೆಂಪು ಗೆರೆ ಇತ್ತು. ಕ್ಷೌರ ಮಾಡುವಾಗ ತಾಗಿತು ಎಂದರು. ಆ ದಿನ ಅವರ ಗಡ್ಡ ಎರಡು ದಿನದ್ದಾಗಿತ್ತು, ಅಪ್ಪಾ.

ನಿನಗೆ ಕಣ್ಣು ಕಾಣುತ್ತದೋ ಇಲ್ಲವೋ? ಇಷ್ಟನ್ನೇ ಬರೆ. ಬೇರೆ ಯಾವ ಸುದ್ದಿಯೂ ಬೇಡ.

ನಿನ್ನ ಒಬ್ಬಳೇ ಮಗಳು
ದೇವಿ


ಮಂಕಿ
೨ ಆಗಸ್ಟ್ ೧೯೫೯

ದೇವೀ,

ಕಾಣದೇ ಇದ್ದರೆ ನಿನ್ನ ಅಷ್ಟುದ್ದದ ದೂರು ನನಗೆ ಹೇಗೆ ತಿಳಿಯಿತು? ಅಕ್ಷರ ಚೆಂದ ಇಲ್ಲ ಎಂದೆಯಲ್ಲ, ಅದಕ್ಕೆ ಈ ಸಲ ಕೃಷ್ಣಾನಂದ ಮಾಸ್ತರರ ಕೈಯಲ್ಲಿ ಬರೆಸಿದ್ದೇನೆ. ಶಾಲೆಯ ಹಲಗೆಯ ಮೇಲೆ ಬರೆದ ಹಾಗಿದೆ. ಈಗಲಾದರೂ ಸಮಾಧಾನವಾಯಿತೋ? ತಿಮ್ಮಿಯ ಮಾತು ಕಟ್ಟಿಕೊಳ್ಳಬೇಡ. ಸಾರಿಗೆ ಎರಡು ಸಲ ಉಪ್ಪು ಹಾಕಿ, ನನ್ನ ನಾಲಿಗೆ ಸರಿ ಇಲ್ಲ ಎನ್ನುವವಳು ಅವಳು.

ನನಗೀಗ ಐವತ್ತೊಂಬತ್ತು. ಒಂಬತ್ತನೇ ವಯಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ ಗುರುಗಳ ಕಾಲು ಹಿಡಿದೆ. ಎರಡು ವರ್ಷ ಅವರು ಮಣ್ಣು ಗುಡಿಸಲು ಮತ್ತು ಬಸ್ಕಿ ಹೊಡೆಯಲು ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. ಆಮೇಲೆ ಲಾಠಿ, ಆಮೇಲೆ ಕತ್ತಿ. ಹದಿನೇಳಕ್ಕೆ ಪಟ್ಟಾ ಕೈಗೆ ಕೊಟ್ಟರು. ಮೊಣಕೈವರೆಗೆ ಕಬ್ಬಿಣದ ತೋಳು, ಅದರ ಮುಂದೆ ಎರಡೂವರೆ ಮೊಳದ ಬಳುಕುವ ಅಲಗು. ಮಣಿಕಟ್ಟು ಬಾಗುವುದಿಲ್ಲ, ಇಡೀ ಮೈ ತಿರುಗಿಯೇ ಬೀಸಬೇಕು. ಅಂದಿನಿಂದ ಇಂದಿನವರೆಗೆ ದಿನಕ್ಕೆ ಇನ್ನೂರು ಬೀಸು ತಪ್ಪಿಸಿಲ್ಲ. ಜ್ವರ ಬಂದರೂ ಬೀಸಿದ್ದೇನೆ. ನಿನ್ನ ತಾಯಿ ತೀರಿಕೊಂಡ ವರ್ಷ ಒಂದು ಮಾತ್ರ ಪಟ್ಟಾ ಮುಟ್ಟಲಿಲ್ಲ. ಸಾವಾದ ಮನೆಯವನು ಆ ವರ್ಷ ಅದನ್ನು ಮುಟ್ಟಬಾರದು, ಅದರ ಅಡಿ ಮಲಗಲೂ ಬಾರದು, ಅದು ಗುರುಗಳ ಕಟ್ಟಳೆ. ಆ ವರ್ಷವೂ ಬರಿಗೈ ಬೀಸಿದೆ.

ಕಣ್ಣು, ಕಣ್ಣು ಎಂದು ಬಡಿದುಕೊಳ್ಳುತ್ತೀಯಲ್ಲ, ಸೌತೆಕಾಯಿ ಕಡಿಯುವುದು ಕಣ್ಣು ಕಟ್ಟಿಕೊಂಡು. ಕಟ್ಟಿಕೊಂಡು ಮಾಡುವ ಕೆಲಸಕ್ಕೆ ಕಣ್ಣು ಯಾಕೆ ಬೇಕು, ಹೇಳು ನೋಡುವ.

ಬೇರೆಯವರಿಗೆ ಬಿಟ್ಟುಕೊಡು ಎಂದೂ ನೀನು ಹೇಳುವವಳೇ. ಹತ್ತು ಜನ ನನ್ನ ಹತ್ತಿರ ಬೀಸಲು ಕಲಿತಿದ್ದಾರೆ, ಬಾಳೆದಿಂಡು ಕಡಿಯುತ್ತಾರೆ. ಆದರೆ ಕುತ್ತಿಗೆಯ ಮೇಲಿನ ಕಾಯಿ ಕಡಿಯುವುದನ್ನು ಬಾಳೆದಿಂಡಿನ ಮೇಲೆ ಕಲಿತು ಮುಗಿಸಲಾಗುವುದಿಲ್ಲ, ಕಡೆಗೆ ಜೀವ ಇರುವ ಕುತ್ತಿಗೆ ಬೇಕು. ಗುರುಗಳು ತಮ್ಮ ತಮ್ಮನನ್ನೇ ಮಲಗಿಸಿ ನನಗೆ ಕಲಿಸಿದರು. ನಾನು ಯಾರ ಮನೆಯ ಮಗನನ್ನು ಮಲಗಿಸಿ ಕಲಿಸಲಿ? ಆ ಒಂದು ಕೆಲಸಕ್ಕೆ ಮಾತ್ರ ನನಗೆ ಎದೆ ಬರಲಿಲ್ಲ. ಈಗ ನಾನು ಪಟ್ಟಾ ಕೆಳಗಿಟ್ಟರೆ ತಾಲೀಮಿನ ಬಾಗಿಲು ಹಾಕಿದ ಹಾಗೆಯೇ.

ಅಳಿಯ ಪಾಂಡುವಿಗೆ ಹೇಳು, ನವರಾತ್ರಿಯ ಮೊದಲ ದಿನ ಇಲ್ಲಿರಬೇಕು. ಹನ್ನೆರಡನೇ ವರ್ಷ. ಅವನಂಥ ಗಟ್ಟಿ ಕುತ್ತಿಗೆ ಈ ಮೂರು ತಾಲೂಕಿನಲ್ಲಿ ಇಲ್ಲ.

ನೀನು ಹೊತ್ತುಹೊತ್ತಿಗೆ ಉಣ್ಣು. ಹೊಳೆ ದಾಟಿ ಇಲ್ಲಿಗೆ ಬರುವ ಯೋಚನೆ ಮಾಡಬೇಡ.

ಅಪ್ಪ


ಮಂಕಿ
೨೨ ಆಗಸ್ಟ್ ೧೯೫೯

ಸೌಭಾಗ್ಯವತಿ ದೇವಿಯವರಿಗೆ ಕೃಷ್ಣಾನಂದ ಮಾಸ್ತರನು ಬರೆದುಕೊಳ್ಳುವುದು.

ಈ ಪತ್ರವನ್ನು ನಿಮ್ಮ ತಂದೆಯವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಯಾರಿಗೂ ಹೇಳುವುದಿಲ್ಲವೆಂದು ತಾಲೀಮಿನ ಮಾರುತಿಯ ಎದುರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಆಣೆ ಮುರಿದ ಪಾಪ ನನ್ನ ತಲೆಯ ಮೇಲಿರಲಿ.

ಯುಗಾದಿಯಿಂದ ಈಚೆಗೆ ನಿಮ್ಮ ಪತ್ರಗಳನ್ನೆಲ್ಲ ಅವರಿಗೆ ಓದಿ ಹೇಳುತ್ತಿರುವವನು ನಾನು. ಶಾಲೆ ಬಿಟ್ಟ ಮೇಲೆ ಜಗುಲಿಗೆ ಬಂದು ಕೂರುತ್ತಾರೆ. ಎಡಗಣ್ಣಿನಲ್ಲಿ ಏನೂ ಇಲ್ಲ. ಬಲಗಣ್ಣಿನಲ್ಲಿ ಬೆಳಕು ಕತ್ತಲೆ ತಿಳಿಯುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಊರಿನ ದಾರಿಗಳೆಲ್ಲ ಅವರಿಗೆ ಹೆಜ್ಜೆಯಲ್ಲಿ ಬಾಯಿಪಾಠ. ಆದ್ದರಿಂದ ಜನರಿಗೆ ಗೊತ್ತಾಗಿಲ್ಲ. ಗೊತ್ತಾದ ಒಬ್ಬಿಬ್ಬರು ಅವರ ಸಿಟ್ಟಿಗೆ ಹೆದರಿ ಬಾಯಿ ಬಿಡುವುದಿಲ್ಲ.

ಶ್ರಾವಣದ ಶನಿವಾರಗಳಂದು ಬೆಳಿಗ್ಗೆ ನನ್ನನ್ನು ತಾಲೀಮಿಗೆ ಕರೆಯುತ್ತಾರೆ. ಹೊಟ್ಟು ತುಂಬಿದ ಗೋಣಿಚೀಲವನ್ನು ಮನುಷ್ಯನಂತೆ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಎಲೆ, ಎಲೆಯ ಮೇಲೆ ಸೌತೆಕಾಯಿ ಇಡುವುದು ನನ್ನ ಕೆಲಸ. ಕಳೆದ ಶನಿವಾರ ಏಳು ಸಲ ಬೀಸಿದರು. ಏಳರಲ್ಲಿ ನಾಲ್ಕು ಸಲ ಎಲೆ ತುಂಡಾಗಿ ಗೋಣಿ ಸೀಳಿ ಹೊಟ್ಟು ಹೊರಗೆ ಬಂತು. ಪ್ರತಿ ಸಲವೂ ಅವರು, “ಎಲೆ ಹೇಗುಂಟು ಮಾಸ್ತರ್ರೇ?” ಎಂದು ಕೇಳಿದರು. ಪ್ರತಿ ಸಲವೂ ನಾನು ಚೆನ್ನಾಗಿದೆ ಎಂದೆ. ಹೊಟ್ಟನ್ನು ಕಾಲಿನಿಂದ ಬದಿಗೆ ಸರಿಸಿದೆ.

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅವರ ಮುಖದಲ್ಲಿ ಅಷ್ಟೊಂದು ಆಸೆ ಇತ್ತು. ಕೈಯಲ್ಲಿ ಪಟ್ಟಾ ಇತ್ತು. ನಾನು ಹೆದರುಪುಕ್ಕಲ, ತಾಯಿ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಕಾಪಿ ಬರೆಸಿದವನು.

ಆ ಗೋಣಿಚೀಲದ ಜಾಗದಲ್ಲಿ ನಿಮ್ಮ ಯಜಮಾನರು ಮಲಗುತ್ತಾರೆ ಎಂಬುದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ನೀವು ಏನಾದರೂ ಮಾಡಿ.

ವಿಧೇಯ
ಕೃಷ್ಣಾನಂದ


ಕುಮಟಾ
೫ ಸೆಪ್ಟೆಂಬರ್ ೧೯೫೯

ಅಪ್ಪಾ,

ಕೆಟ್ಟ ಸುದ್ದಿ. ಭಟ್ಕಳದಲ್ಲಿ ನಿನ್ನ ಅಳಿಯನ ದೊಡ್ಡಪ್ಪ ಗಣಪ ಮೊನ್ನೆ ತೀರಿಕೊಂಡರು. ಎದೆನೋವು ಎಂದರಂತೆ, ಅಷ್ಟೇ. ದಿನಗಳೆಲ್ಲ ಅಲ್ಲೇ ಆಗುತ್ತವೆ. ನೀನು ಭಟ್ಕಳಕ್ಕೆ ಹೋಗುವುದು ಬೇಡ, ಬಸ್ಸಿನಲ್ಲಿ ನಿನಗೆ ತಲೆ ತಿರುಗುತ್ತದೆ. ಕಾಗದವನ್ನೂ ಬರೆಯಬೇಡ, ಅವರು ತುಂಬ ದುಃಖದಲ್ಲಿದ್ದಾರೆ.

ಒಂದೇ ಮನೆತನ, ಒಂದೇ ಸೂತಕ. ಸಾವಾದ ಮನೆಯವನು ಆ ವರ್ಷ ಪಟ್ಟಾದ ಅಡಿ ಮಲಗಬಾರದು ಎಂದು ನೀನೇ ಬರೆದಿದ್ದೀ. ಆದ್ದರಿಂದ ಈ ವರ್ಷ ಇವರು ಬರುವ ಹಾಗಿಲ್ಲ. ಇವರಿಗೂ ಬೇಸರವೇ. ಆದರೆ ಎಂತ ಮಾಡುವುದು, ಕಟ್ಟಳೆ ಕಟ್ಟಳೆಯೇ. ಈ ವರ್ಷ ಆ ಒಂದು ಆಟ ಬಿಟ್ಟು ಬರೀ ಲಾಠಿ, ಕತ್ತಿ ಮಾಡಿಸು. ಜನ ಏನೂ ಅಂದುಕೊಳ್ಳುವುದಿಲ್ಲ.

ನನಗೆ ಏಳನೆಯದು ನಡೆಯುತ್ತಿದೆ. ಕಾಲು ಬಾತಿದೆ.

ದೇವಿ


ಮಂಕಿ
೧೬ ಸೆಪ್ಟೆಂಬರ್ ೧೯೫೯

ದೇವೀ,

ಗಣಪ ಹೋದನೆಂದು ಕೇಳಿ ಮನಸ್ಸು ಕೆಟ್ಟಿತು. ನನಗಿಂತ ಎರಡು ವರ್ಷ ಚಿಕ್ಕವನು. ನಿನ್ನ ಮದುವೆಯಲ್ಲಿ ಹದಿನಾರು ಹೋಳಿಗೆ ತಿಂದು ಇನ್ನೂ ಉಂಟೋ ಎಂದು ಕೇಳಿದವನು. ತಾಲೀಮಿನಲ್ಲಿ ಅವನ ಹೆಸರಿನಲ್ಲಿ ಒಂದು ತೆಂಗಿನಕಾಯಿ ಒಡೆಸಿದೆ.

ಪಾಂಡು ಈ ವರ್ಷ ಬರುವುದು ಬೇಡ. ನೀನು ಹೇಳಿದ್ದು ಸರಿ. ಆದರೆ ಆಟ ಬಿಡುವ ಮಾತು ಆಡಬೇಡ. ಆ ಒಂದು ಆಟಕ್ಕಾಗಿ ಹೊನ್ನಾವರದಿಂದ, ಭಟ್ಕಳದಿಂದ ಜನ ದೋಣಿ ಬಸ್ಸು ಹಿಡಿದು ಬರುತ್ತಾರೆ. ತಿಮ್ಮಪ್ಪನನ್ನು ಕೇಳಿದೆ. ನಿನ್ನ ಗೆಳತಿ ಸಣ್ಣಿಯ ಗಂಡ. ನಾನು ಬಾಯಿ ತೆರೆಯುವ ಮೊದಲೇ ಒಪ್ಪಿದ, ಕಾಲಿಗೂ ಬಿದ್ದ. ಕುತ್ತಿಗೆ ಸ್ವಲ್ಪ ಸಣ್ಣ. ನಡೆಯುತ್ತದೆ. ಶನಿವಾರದ ಅಭ್ಯಾಸ ಚೆನ್ನಾಗಿ ಆಗುತ್ತಿದೆ. ಹೋದ ಸಲ ಒಂದು ಎಲೆಗೂ ಗೀರು ಇಲ್ಲ ಎಂದು ನೋಡಿದವರೇ ಹೇಳಿದರು.

ಕಾಲಿಗೆ ಬಿಸಿನೀರು ಹೊಯ್ದುಕೋ.

ಅಪ್ಪ


ಮಂಕಿ
೨೪ ಸೆಪ್ಟೆಂಬರ್ ೧೯೫೯

ದೇವೀ, ನಾನು ಸಣ್ಣಿ.

ನಾಲ್ಕನೇ ಇಯತ್ತೆಯವರೆಗೆ ನಿನ್ನ ಬದಿಗೆ ಕೂತು ಕಲಿತ ಅಕ್ಷರ ಇವು. ತಪ್ಪಿದ್ದರೆ ನಗಾಡಬೇಡ. ನಿನ್ನ ಅಪ್ಪ ನನ್ನ ಗಂಡನನ್ನು ಆರಿಸಿದ್ದಾರೆ ಎಂಬ ಸುದ್ದಿ ನಿನಗೆ ಬಂದಿರಬೇಕು. ನನ್ನ ಅತ್ತೆ ಕೇರಿಯ ಎಲ್ಲರಿಗೂ ಬೆಲ್ಲ ಹಂಚಿದಳು. ನನ್ನ ಗಂಡನ ನಡಿಗೆಯೇ ಬದಲಾಗಿದೆ, ಬಾವಿಗೆ ನೀರಿಗೆ ಹೋಗುವಾಗಲೂ ಎದೆ ಮುಂದೆ. ಗುರುಗಳು ಹೇಳಿದ್ದಾರೆಂದು ದಿನಾ ಬೆಳಿಗ್ಗೆ ಉಸಿರು ಬಿಗಿಹಿಡಿದು ಮಲಗುತ್ತಾನೆ. ದೊಡ್ಡ ಹುಡುಗಿ ಅವನ ಕುತ್ತಿಗೆಯ ಮೇಲೆ ಹಾಗಲಕಾಯಿ ಇಟ್ಟು ಎಣಿಸುತ್ತಾಳೆ.

ಒಂದು ಮಾತು ಕೇಳಬೇಕಿತ್ತು, ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ. ಹೆದರುವುದು ಎಂದರೆ ಗುರುಗಳಿಗೆ ಅವಮಾನ ಎನ್ನುತ್ತಾರೆ. ನಿನ್ನ ಗಂಡ ಅಷ್ಟು ವರ್ಷ ಮಲಗಿದ್ದರಲ್ಲ, ನೋಡುವಾಗ ನಿನಗೆ ಹೆದರಿಕೆ ಆಗುತ್ತಿತ್ತಾ? ಆಗುತ್ತಿರಲಿಲ್ಲ ಎಂದಾದರೆ ಹಾಗೆ ಬರೆ, ನನಗೂ ಧೈರ್ಯ ಬರುತ್ತದೆ. ನೀನು ಸುಳ್ಳು ಹೇಳುವವಳಲ್ಲ.

ನಿನಗೆ ಸುಖವಾಗಿ ಗಂಡುಮಗು ಆಗಲಿ.

ಸಣ್ಣಿ


ಕುಮಟಾ
೨೮ ಸೆಪ್ಟೆಂಬರ್ ೧೯೫೯

ಅಪ್ಪಾ,

ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವವರು ಕೃಷ್ಣಾನಂದ ಮಾಸ್ತರರು. ಅದು ನನಗೆ ಗೊತ್ತು. ಮಾಸ್ತರರೇ, ನಿಮ್ಮ ಕಾಲಿಗೆ ಬೀಳುತ್ತೇನೆ, ಒಂದು ಅಕ್ಷರವನ್ನೂ ಬಿಡದೆ ಜೋರಾಗಿ ಓದಿ.

ಗಣಪ ದೊಡ್ಡಪ್ಪ ಸತ್ತಿಲ್ಲ. ಬದುಕಿದ್ದವರನ್ನು ನಾನೇ ಕಾಗದದಲ್ಲಿ ಸಾಯಿಸಿದೆ. ಮೊನ್ನೆ ಅವರು ಎರಡು ಡಜನ್ ಬಾಳೆಹಣ್ಣು ಹಿಡಿದುಕೊಂಡು ನಮ್ಮ ಜಗುಲಿಗೆ ಬಂದು ಕೂತರು. ನನ್ನ ಕೈಯ ತಂಬಿಗೆ ಬಿತ್ತು. ಬಸುರಿಯ ಬಾಯಿಯಿಂದ ಬಂದ ಮಾತು ಎಲ್ಲಿ ನಿಜವಾಗುತ್ತದೋ ಎಂದು ಇಪ್ಪತ್ತು ದಿನದಿಂದ ದೇವರಿಗೆ ದಿನಾ ತಪ್ಪುಕಾಣಿಕೆ ಇಡುತ್ತಿದ್ದೇನೆ.

ಇವರಿಗೂ ಸುಳ್ಳು ಹೇಳಿದೆ. ಇವರಿಗೆ ಓದು ಅಷ್ಟಕ್ಕಷ್ಟೇ, ಪತ್ರ ಓದಿ ಹೇಳುವವಳು ನಾನೇ. ಈ ವರ್ಷ ಅಪ್ಪ ಆ ಆಟ ಇಡುವುದಿಲ್ಲವಂತೆ ಎಂದೆ. ಇವರು ಕೈ ತೊಳೆದು ಮಲಗಿದರು. ಒಳ್ಳೆಯ ನಿದ್ದೆ ಮಾಡಿದರು. ಆ ನಿದ್ದೆ ನೋಡಿ ನನಗೆ ಎಲ್ಲ ತಿಳಿಯಿತು. ನನ್ನ ಸುಳ್ಳು ಎಷ್ಟು ಚೆನ್ನಾಗಿ ಕೂತಿತು ಎಂದು ಹಿಗ್ಗಿದ್ದೆ. ಆಮೇಲೆ ನೀನು ತಿಮ್ಮಪ್ಪನ ಹೆಸರು ಬರೆದೆ. ಆಮೇಲೆ ಸಣ್ಣಿಯ ಕಾಗದ ಬಂತು. ನನ್ನ ತಾಳಿ ಉಳಿಸಿಕೊಳ್ಳಲು ಅವಳ ತಾಳಿಯನ್ನು ನಿನ್ನ ಅಲಗಿನ ಅಡಿ ಇಟ್ಟೆ ನಾನು. ಎರಡು ದಿನ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು. ಒಂದಲ್ಲ, ಹತ್ತು ಸಲ ಅನ್ನಿಸಿತು.

ಈಗ ಕೇಳು. ಶ್ರಾವಣದ ಆ ಶನಿವಾರ ನೀನು ಏಳು ಸಲ ಬೀಸಿದ್ದರಲ್ಲಿ ನಾಲ್ಕು ಸಲ ಗೋಣಿ ಸೀಳಿತು. ಎಲೆ ಚೆನ್ನಾಗಿದೆ ಎಂದವರು ನಿನಗೆ ಹೆದರಿ ಹಾಗೆಂದರು. ಊರೇ ನಿನಗೆ ಹೆದರಿ ಚೆನ್ನಾಗಿದೆ ಎನ್ನುತ್ತಿದೆ. ಕಣ್ಣು ಕಟ್ಟಿಕೊಂಡು ಮಾಡುವ ಕೆಲಸಕ್ಕೆ ಕಣ್ಣು ಯಾಕೆ ಎಂದು ಕೇಳಿದೆ. ಕಟ್ಟಿಕೊಳ್ಳುವ ಮೊದಲು ಮೂರು ಸುತ್ತು ಬಂದು ನೋಡುತ್ತೀಯಲ್ಲ, ಆ ನೋಟಕ್ಕೆ ಬೇಕು. ಹನ್ನೊಂದು ವರ್ಷ ನನ್ನ ಗಂಡ ಬದುಕಿದ್ದು ಆ ನೋಟದಿಂದ.

ಇವತ್ತು ಬೆಳಿಗ್ಗೆ ಇವರಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ತಿಮ್ಮಪ್ಪಗೆ ಎರಡು ಮಕ್ಕಳು. ನಾನೇ ಹೋಗ್ತೆ” ಎಂದರು. ಲಾರಿಯ ಕೀಲಿಯನ್ನು ಅದರ ಮಾಲಕರಿಗೆ ಕೊಟ್ಟು ಒಂದು ಪಂಚೆ ಹಿಡಿದುಕೊಂಡು ಹೊರಟೇಬಿಟ್ಟರು. ನಾನು ಅತ್ತದ್ದನ್ನು ಕೇಳಿ ಪಕ್ಕದ ಮನೆಯವರೆಲ್ಲ ಬಂದರು. ಈ ಪತ್ರ ಸೇರುವ ಮೊದಲು ಅವರು ನಿನ್ನ ಮುಂದೆ ನಿಂತಿರುತ್ತಾರೆ.

ಅಮ್ಮ ಎರಡನೇ ಹೆರಿಗೆಯಲ್ಲಿ ಹೋಗುವಾಗ ನೀನು ತಾಲೀಮಿನಲ್ಲಿದ್ದೆ. ಅದನ್ನು ನಾನು ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ. ಈಗ ನನ್ನ ಸರದಿ ಬರುತ್ತಿದೆ. ನನ್ನ ಮಗುವಿಗೆ ಅಪ್ಪನನ್ನು ಉಳಿಸಿಕೊಡು. ಸಣ್ಣಿಯ ಮಕ್ಕಳಿಗೂ ಉಳಿಸಿಕೊಡು. ಹೊಳೆ ದಾಟಬಾರದ ಮೈ ಇಲ್ಲದಿದ್ದರೆ ನಾನೇ ಬಂದು ಆ ಪಟ್ಟಾವನ್ನು ಶರಾವತಿಗೆ ಎಸೆಯುತ್ತಿದ್ದೆ.

ದೇವಿ


ಕುಮಟಾ
೧೩ ಅಕ್ಟೋಬರ್ ೧೯೫೯
(ಕಾರ್ಡು)

ಅಪ್ಪಾ, ದಶಮಿ ಮುಗಿಯಿತು. ಇವರು ಬಂದಿಲ್ಲ. ಹೊನ್ನಾವರದ ಕಡೆಯಿಂದ ಬಂದ ಲಾರಿಯವರನ್ನು ಕೇಳಿದರೆ ಮುಖ ಮುಖ ನೋಡಿಕೊಂಡು, ಗೊತ್ತಿಲ್ಲ ಎನ್ನುತ್ತಾರೆ. ಏನಾಗಿದ್ದರೂ ಬರೆಸು. ನನಗೆ ಕೂರಲು ನಿಲ್ಲಲು ಆಗುತ್ತಿಲ್ಲ. — ದೇವಿ


ಮಂಕಿ
೧೩ ಅಕ್ಟೋಬರ್ ೧೯೫೯

ಮಗಳೇ,

ಪಾಂಡು ಬದುಕಿದ್ದಾನೆ. ತಿಮ್ಮಪ್ಪನೂ ಬದುಕಿದ್ದಾನೆ. ಮೊದಲು ಇಷ್ಟು ಬರೆಯಿರಿ, ಉಳಿದದ್ದು ಆಮೇಲೆ ಎಂದು ಮಾಸ್ತರರಿಗೆ ಹೇಳಿದೆ. ಮೊದಲ ಸಲ ಕಾಯಿ ಕಡಿದವನು ಮೂರು ದಿನ ತಾಲೀಮು ಬಿಟ್ಟು ಹೋಗಬಾರದು. ಅದಕ್ಕೆ ಅವನು ಇನ್ನೂ ಇಲ್ಲಿದ್ದಾನೆ. ನಾಡಿದ್ದು ಮನೆಯಲ್ಲಿರುತ್ತಾನೆ.

ನಿನ್ನ ಪತ್ರವನ್ನು ಮಾಸ್ತರರು ಜೋರಾಗಿಯೇ ಓದಿದರು. ಏಳರಲ್ಲಿ ನಾಲ್ಕು ಎಂಬಲ್ಲಿಗೆ ಬಂದಾಗ ಅವರ ಸ್ವರ ನಿಂತಿತು. ಓದಿ ಎಂದೆ. ಓದಿ ಮುಗಿಸಿ ಗಳಗಳ ಅತ್ತರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾಕೆಂದರೆ ಗೋಣಿ ಸೀಳಿದ್ದು ನನ್ನ ಕೈಗೆ ಪ್ರತಿ ಸಲವೂ ಗೊತ್ತಾಗಿತ್ತು. ನಲವತ್ತೆರಡು ವರ್ಷ ಪಟ್ಟಾ ಹಿಡಿದ ಕೈಗೆ ಅಷ್ಟು ತಿಳಿಯುವುದಿಲ್ಲವೇ? ಆದರೂ ಎಲೆ ಹೇಗುಂಟು ಎಂದು ಕೇಳಿದೆ, ಅವರು ಚೆನ್ನಾಗಿದೆ ಎಂದರು, ನಾನು ನಂಬಿದೆ. ನಂಬದಿದ್ದರೆ ಮನೆಯ ಮೂಲೆಯಲ್ಲಿ ಕೂತು ತಿಮ್ಮಿಯ ಕೈಯಿಂದ ಗಂಜಿ ಉಣ್ಣುವುದೊಂದೇ ಉಳಿಯುತ್ತಿತ್ತು. ಅದಕ್ಕೆ ಹೆದರಿದೆ. ಹೆದರಿ ಇನ್ನೊಬ್ಬನ ಕುತ್ತಿಗೆ ಕಡಿಯಲು ಹೊರಟಿದ್ದೆ. ಹೋದ ವರ್ಷದ ಎಲೆಯನ್ನು ಅಗಿದು ನುಂಗಿದಾಗಲೇ ನನಗೆ ಬುದ್ಧಿ ಬರಬೇಕಿತ್ತು.

ಪಾಂಡು ಬಂದು ಮಣ್ಣು ಗುಡಿಸಿ ಬಸ್ಕಿಗೆ ನಿಂತಿದ್ದ. ನನಗೆ ಕಾಣುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತಂತೆ. ಗೊತ್ತಿದ್ದೂ ಯಾಕೆ ಬಂದೆ ಎಂದರೆ, ಗುರುಗಳು ಕರೆದಿದ್ದರು ಎಂದ.

ಬಾಗಿಲು ಹಾಕಿಬಿಡೋಣ ಎಂದುಕೊಂಡೆ, ಒಂದು ಇಡೀ ದಿನ. ಆಮೇಲೆ ಅವನ ಕೈಗೆ ಪಟ್ಟಾ ಹಾಕಿದೆ. ಬೀಸಲು ಕಲಿತ ಆ ಹತ್ತು ಜನರಲ್ಲಿ ಅವನೂ ಒಬ್ಬ. ಹನ್ನೊಂದು ವರ್ಷ ಅಡಿಯಿಂದ ನೋಡಿ ನೋಡಿ ಅವನಿಗೆ ನನ್ನ ಹೆಜ್ಜೆ, ಸೊಂಟ, ಭುಜ ಎಲ್ಲ ಪಾಠವಾಗಿತ್ತು. ಹತ್ತು ದಿನ ಗೋಣಿಯ ಮೇಲೆ ಮಾಡಿಸಿದೆ. ಎಲೆ ಹೇಗುಂಟು ಎಂದು ಯಾರನ್ನೂ ಕೇಳಲಿಲ್ಲ, ನಾನೇ ಬೆರಳಿನಿಂದ ಸವರಿ ನೋಡಿದೆ. ಮೊದಲ ದಿನ ಐದು ಹರಿದವು. ಕಡೆಯ ಮೂರು ದಿನ ಒಂದೂ ಇಲ್ಲ. ಇನ್ನು ಬೇಕಿದ್ದದ್ದು ಜೀವ ಇರುವ ಕುತ್ತಿಗೆ. ಯಾರ ಮನೆಯ ಮಗನನ್ನು ಮಲಗಿಸಲಿ ಎಂದು ಇಷ್ಟು ವರ್ಷ ಹಲುಬಿದೆನಲ್ಲ, ನನಗೂ ಒಂದು ಕುತ್ತಿಗೆ ಇದೆ ಎಂಬುದು ಹೊಳೆದಿರಲೇ ಇಲ್ಲ.

ದಶಮಿಯ ದಿನ ಜನರೆಲ್ಲ ನಾನು ಪಟ್ಟಾ ತೊಡುತ್ತೇನೆ ಎಂದು ನೋಡುತ್ತಿದ್ದರು. ನಾನು ಹೋಗಿ ಮಣ್ಣಿನ ಮೇಲೆ ಮಲಗಿದೆ. ಪಾಂಡು ಬೇಡ ಎಂದು ಕೈ ಮುಗಿದ. ಗುರುವಿನ ಮಾತು ಎಂದೆ. ಎಲೆ ಇಟ್ಟರು, ಕಾಯಿ ಇಟ್ಟರು. ಅವನು ಮೂರು ಸುತ್ತು ಬಂದ. ತಿಮ್ಮಪ್ಪ ಅವನ ಕಣ್ಣಿಗೆ ಬಟ್ಟೆ ಕಟ್ಟಿದ.

ದೇವೀ, ನನ್ನ ಅಡಿ ಮಲಗಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ. ಉಸಿರು ಬಿಗಿಹಿಡಿ, ಅಷ್ಟೇ, ಅದರಲ್ಲಿ ಎಂತ ಉಂಟು. ನನಗೆ ಹಿಡಿಯಲಾಗಲಿಲ್ಲ. ಎಲೆ ತಣ್ಣಗಿತ್ತು. ಕಾಯಿ ನನ್ನ ಗಂಟಲ ಮೇಲೆ ತಾನಾಗಿ ಅಲ್ಲಾಡುತ್ತಿತ್ತು. ಪಟ್ಟಾ ಗಾಳಿಯಲ್ಲಿ ಒಂದು ಸಲ ಸುಂಯ್ ಎಂದಿತು, ಅವನು ಕೈ ಸಡಿಲ ಮಾಡಿಕೊಳ್ಳುತ್ತಿದ್ದ. ಆ ಸದ್ದನ್ನು ಜೀವಮಾನವಿಡೀ ಕೇಳಿದ್ದೇನೆ, ಅಡಿಯಿಂದ ಕೇಳಿದ್ದು ಅದೇ ಮೊದಲು. ಪಂಚೆ ಒದ್ದೆಯಾಗುತ್ತದೋ ಎಂದು ಹೆದರಿದೆ. ನಿನ್ನ ಅಮ್ಮನ ಹೆಸರು ಬಾಯಿಗೆ ಬಂತು. ನಾನು ಕೂಗಿಬಿಟ್ಟೆ.

“ಬಟ್ಟೆ ತೆಗಿಯೋ ಪಾಂಡು. ನೋಡಿ ಕಡಿ.”

ಗುರುಗಳ ಕಾಲದಿಂದ ಯಾರೂ ಆಡದ ಮಾತು ಅದು. ಜನ ಗುಜುಗುಜು ಎಂದರು. ಯಾರೋ ನಕ್ಕರು. ದುರ್ಗಪ್ಪ ಮುದುಕನಾದ, ಆಟ ಕೆಟ್ಟಿತು ಎಂದು ಭಟ್ಕಳದ ಕಡೆಯವರು ಎದ್ದು ಹೋದರಂತೆ. ಲಾರಿಯವರು ಈ ಸುದ್ದಿಯನ್ನು ನಿನಗೆ ಹೇಳಲು ಹಿಂಜರಿಯಬಹುದು, ಹೊರಗೆ ಆಡಿಕೊಳ್ಳಬಹುದು. ಹೇಳಿಕೊಳ್ಳಲಿ. ಪಾಂಡು ಬಟ್ಟೆ ತೆಗೆದ, ಕಣ್ಣು ಬಿಟ್ಟು ನೋಡಿದ, ಕಡಿದ. ಎಲೆಯನ್ನು ನಾನೇ ಸವರಿ ನೋಡಿದೆ, ಆಮೇಲೆ ಊರವರ ಕೈಗೆ ಕೊಟ್ಟೆ. ಇನ್ನು ಮೇಲೆ ಈ ತಾಲೀಮಿನಲ್ಲಿ ಕಣ್ಣು ಬಿಟ್ಟುಕೊಂಡೇ ಕಡಿಯುವುದು. ಮಲಗಲು ಹೆದರುವವನು ಹೆದರುತ್ತೇನೆ ಎಂದು ಹೇಳಬಹುದು. ಕಟ್ಟಳೆ ಮಾಡುವವನು ನಾನೇ ತಾನೆ. ಸಣ್ಣಿ ಬಂದು ನನ್ನ ಕಾಲು ಮುಟ್ಟಿದಳು. ತಿಮ್ಮಪ್ಪನ ಮುಖ ಮಾತ್ರ ಸ್ವಲ್ಪ ಬಾಡಿತ್ತಂತೆ.

ಸಂಜೆ ತೋಳಿಗೆ ಎಣ್ಣೆ ತಿಕ್ಕುತ್ತಾ ಪಾಂಡು ನನ್ನ ಪಕ್ಕದಲ್ಲಿ ಕೂತಿದ್ದ. ಕೇಳಿದೆ, “ಇಷ್ಟು ವರ್ಷ ನಿಂಗೂ ಹೀಗೇ ಆಗ್ತಿತ್ತನಾ?”

“ಹೌದು” ಎಂದ. “ಪ್ರತಿ ಸಲ.”

“ಒಂದು ಮಾತು ಹೇಳ್ಬಹುದಿತ್ತಲೋ.”

ಅವನು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನೀವು ಕೇಳ್ಲಿಲ್ಲ” ಎಂದ.

ನಿನ್ನ ಅಮ್ಮನನ್ನೂ ನಾನು ಕೇಳಿರಲಿಲ್ಲ. ತೀರಿಕೊಂಡ ದಿನ ಬೆಳಿಗ್ಗೆ ಅವಳು ಬಾಗಿಲ ತನಕ ಬಂದು ನಿಂತಿದ್ದಳು. ಇನ್ನೂರು ಬೀಸು ಮುಗಿಸಿ ಬರುತ್ತೇನೆ ಎಂದು ಹೊರಟುಹೋದೆ.

ಅದಕ್ಕೆ ಈಗ ಕೇಳುತ್ತಿದ್ದೇನೆ. ತಿಮ್ಮಿಯನ್ನು ಕರೆದುಕೊಂಡು ಬರುವ ವಾರ ಕುಮಟೆಗೆ ಬರುತ್ತೇನೆ, ಹೆರಿಗೆ ಆಗುವವರೆಗೆ ನಿನ್ನ ಬಾಗಿಲಲ್ಲೇ ಇರುತ್ತೇನೆ. ಅಷ್ಟರ ಒಳಗೆ ಬರೆ. ನಿನಗೆ ಹೆದರಿಕೆ ಆಗುತ್ತಿದೆಯಾ, ಮಗಳೇ?

ಅಪ್ಪ